ಬಾಂಡ್ ಮ್ಯಾಲೆ ಬಾಂಡ್

ಕಲಬುರಗಿಯ ಕೋರ್ಟು-ಕಚೇರಿಗಳ ಸುತ್ತ ಟೈಪಿಂಗ್ ಟೇಬಲ್ ಹಾಕಿಕೊಂಡವರಿಗೆ ಸೋಮವಾರ ಬಂತೆಂದರೆ ಊಟದ ಹೊತ್ತು ಜಾರುತ್ತದೆ. ಬಂದವರೆಲ್ಲ ಕೇಳುವುದು ಒಂದೇ: "ಒಂದ್ ಬಾಂಡ್ ಕೊಡ್ರಿ." ಇತ್ತ ಕಡೆಯಿಂದ ಹೋಗುವ ಪ್ರಶ್ನೆಯೂ ಒಂದೇ: "ಎದಕ್ಕ ಬೇಕ್ರಿ?" ಅದನ್ನು ಕೇಳದೆ ಕಾಗದಕ್ಕೆ ಕೈ ಹಾಕಿದರೆ ಕೆಲಸ ಕೆಟ್ಟಂತೆಯೇ.

ಮೊನ್ನೆಯ ಸೋಮವಾರ ಮೊದಲು ಬಂದವರು ಅಫಜಲಪುರ ಕಡೆಯ ಹಿರಿಯರು. "ಬಾಂಡ್ ಕಳದದ ನೋಡಪಾ. ಬಾಂಡ್ ಮ್ಯಾಲೆ ಬಾಂಡ್ ಬರಸ್ಕೊಂಡ್ ಬಾ ಅಂದಾರ." ಹೊರಗಿನವರಿಗೆ ಒಗಟು, ಇಲ್ಲಿಯವರಿಗೆ ಸರಳ ಮಾತು. ಕಳೆದದ್ದು ಎಲ್‌ಐಸಿ ಪಾಲಿಸಿಯ ಕಾಗದ. ಬರೆಸಬೇಕಾದದ್ದು ಛಾಪಾ ಕಾಗದದ ಮೇಲೆ. ಬರೆಯಬೇಕಾದದ್ದು ಇಂಡೆಮ್ನಿಟಿ ಬಾಂಡ್, ಅಂದರೆ ನಷ್ಟಭರ್ತಿಯ ಮುಚ್ಚಳಿಕೆ: ಮುಂದೆ ಇನ್ಯಾರಾದರೂ ಅಸಲು ಪಾಲಿಸಿ ಹಿಡಿದು ಹಣ ಕೇಳಿದರೆ ಆ ನಷ್ಟ ನಾನು ತುಂಬಿಕೊಡುತ್ತೇನೆ ಎಂಬ ಒಪ್ಪಿಗೆ. ಮೂರರಲ್ಲಿ ನಿಜವಾದ ಬಾಂಡ್ ಕೊನೆಯದು ಮಾತ್ರ. ಪಾಲಿಸಿಯನ್ನು ಬಾಂಡ್ ಅನ್ನುವುದು ನಮ್ಮ ಬಳಕೆ. 2006-07ರಲ್ಲಿ ಹೆಣ್ಣುಮಗುವಿನ ಹೆಸರಿಗೆ ಬಾಂಡ್ ಕೊಡುವ ಭಾಗ್ಯಲಕ್ಷ್ಮಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಈ ಬಳಕೆ ಇನ್ನೂ ಗಟ್ಟಿಯಾಯಿತು.

ಛಾಪಾ ಕಾಗದಕ್ಕೆ ಈಗ ಇ-ಸ್ಟಾಂಪ್. ಅದರ ಮೇಲೆ ಯಾವ ದಸ್ತಾವೇಜು, ಮೊದಲ ಪಕ್ಷ ಯಾರು, ಎರಡನೇ ಪಕ್ಷ ಯಾರು, ಶುಲ್ಕ ಕಟ್ಟಿದವರು ಯಾರು ಎಲ್ಲವೂ ಅಚ್ಚಾಗಿ ಬರುತ್ತದೆ. ಎಡವಟ್ಟು ಆಗುವುದು ಇಲ್ಲಿಯೇ. ಬಂದವರು "ನೂರರ ಬಾಂಡ್" ಅಂತಾರೆ, ಕೌಂಟರಿನವರು ರೂಢಿಯಂತೆ ಮುದ್ರಾಂಕ ಕಾಯ್ದೆಯ ಪಟ್ಟಿಯ 4ನೇ ವಿಧಿ, ಅಫಿಡವಿಟ್ (ಪ್ರಮಾಣಪತ್ರ) ಅಂತ ಒತ್ತಿ ಕೊಟ್ಟುಬಿಡುತ್ತಾರೆ. (ಅಫಿಡವಿಟ್‌ಗೆ ಮೊದಲು 20 ರೂಪಾಯಿ ಇತ್ತು, 2024ರಿಂದ 100 ಆಗಿದೆ.) ಅದರ ಮೇಲೆ ನಷ್ಟಭರ್ತಿಯೋ ಕರಾರೋ ಬರೆದರೆ ಕಚೇರಿಯಲ್ಲಿ ವಾಪಸ್. ಅಚ್ಚಾದ ಹೆಸರನ್ನು ಪೆನ್ನಿನಿಂದ ತಿದ್ದಲು ಬರುವುದಿಲ್ಲ. ಆದ್ದರಿಂದ ಮೊದಲು ಒಕ್ಕಣೆ, ಆಮೇಲೆ ಸ್ಟಾಂಪು. ಹಿರಿಯರ ಆಧಾರಿನಲ್ಲಿ ಅಡ್ಡಹೆಸರು ಕೊನೆಗಿತ್ತು, ಪಾಲಿಸಿ ರಸೀದಿಯಲ್ಲಿ ಮೊದಲಿಗೆ. "ಇವೆರಡೂ ಹೆಸರಿನ ವ್ಯಕ್ತಿ ನಾನೇ" ಎಂಬ ಸಾಲು ಸೇರಿಸಿಯೇ ಮುಂದೆ ಹೋಗಬೇಕಾಯಿತು.

ಕಾಯ್ದೆಯ ಬಾಂಡ್ ಯಾವುದು ಅಂದರೆ, ಕರ್ನಾಟಕ ಮುದ್ರಾಂಕ ಕಾಯ್ದೆ 1957 ಅದಕ್ಕೆ ವ್ಯಾಖ್ಯೆ ಕೊಟ್ಟಿದೆ. ಹಣ ಕೊಡಲು ಒಪ್ಪಿ, ಇಂಥ ಕೆಲಸ ನಡೆದರೆ (ಅಥವಾ ನಡೆಯದಿದ್ದರೆ) ಈ ಹೊಣೆ ರದ್ದು ಅಂತ ಬರೆದದ್ದು ಬಾಂಡ್. ಸಾಕ್ಷಿಯ ಸಹಿಯೊಂದಿಗೆ ಹಣ ಕೊಡುತ್ತೇನೆ ಅಂತ ಬರೆದು, ಆತ ಸೂಚಿಸಿದವರಿಗೆ ಅಥವಾ ಕಾಗದ ಹಿಡಿದು ತಂದವರಿಗೆ ಕೊಡುತ್ತೇನೆ ಅನ್ನದೆ ಇದ್ದರೆ ಅದೂ ಬಾಂಡ್. ಮೂರನೆಯದು ನಮ್ಮ ಸೀಮೆಗೆ ಹೇಳಿ ಮಾಡಿಸಿದ್ದು: ಸಾಕ್ಷಿ ಸಮೇತ ಧಾನ್ಯ ಅಥವಾ ಬೇರೆ ಬೆಳೆ ಕೊಡುತ್ತೇನೆ ಅಂತ ಬರೆದರೂ ಬಾಂಡೇ. ರಾಶಿ ಆದ ಮೇಲೆ ಎರಡು ಕ್ವಿಂಟಲ್ ತೊಗರಿ ಕೊಡುತ್ತೇನೆ ಅಂತ ನೋಟ್‌ಬುಕ್ ಹಾಳೆಯಲ್ಲಿ ಬರೆದು ಪಕ್ಕದ ಹೊಲದವನ ಸಹಿ ಹಾಕಿಸಿದರೆ, ಬರೆದವನಿಗೆ ಗೊತ್ತಿಲ್ಲದಿದ್ದರೂ ಅದು ಬಾಂಡ್. ಸ್ಟಾಂಪ್ ಇಲ್ಲದ ಆ ಹಾಳೆಯನ್ನು ಕೋರ್ಟಿನಲ್ಲಿ ಪುರಾವೆಯಾಗಿ ಹಚ್ಚಲು ಹೋದರೆ ಕಡಿಮೆ ಬಿದ್ದ ಶುಲ್ಕದ ಜೊತೆಗೆ ಅದರ ಹತ್ತು ಪಟ್ಟು ದಂಡ.

ಮಧ್ಯಾಹ್ನದ ಗದ್ದಲ ಜಾಮೀನಿನದು. ಹಳಬರು ಇದನ್ನು ಈಗಲೂ ಜಮಾನತ್ ಅನ್ನುತ್ತಾರೆ, ನಿಜಾಮರ ಕಾಲದ ಉರ್ದು ಕಚೇರಿಯ ಮಾತು. 2024ರ ಜುಲೈ 1ರಂದು ಜಾರಿಗೆ ಬಂದ ಕ್ರಿಮಿನಲ್ ಪ್ರಕ್ರಿಯೆಯ ಹೊಸ ಕಾಯ್ದೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಇಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದೆ: ಜಾಮೀನುದಾರ ಇದ್ದರೆ "ಬೇಲ್ ಬಾಂಡ್", ಆರೋಪಿ ಒಬ್ಬನೇ ಬರೆದುಕೊಟ್ಟರೆ ಬರೀ "ಬಾಂಡ್" ಅಂತ ಬೇರೆಬೇರೆಯಾಗಿ ಹೇಳಿದೆ. ಐವತ್ತು ಸಾವಿರದ ಬೇಲ್ ಬಾಂಡ್ ಅಂದ ಕೂಡಲೆ ಜಾಮೀನು ನಿಲ್ಲಲು ಬಂದ ಮಾವನ ಮುಖ ಬಿಳಿಚಿತು. "ಈಗೇನ್ ರೊಕ್ಕ ಕಟ್ಟೋದಿಲ್ರಿ ಮಾಮಾ, ಅಳಿಯ ತಾರೀಖಿಗೆ ಬರ್ಲಿಲ್ಲಂದ್ರ ಕಟ್ಟೋ ಹೊಣಿ" ಅಂತ ಬಿಡಿಸಿ ಹೇಳಬೇಕು. ಜಾಮೀನಿಗೆ ಪಹಣಿ ತಂದಿದ್ದರೆ 9ನೇ ಕಾಲಂನಲ್ಲಿ ಹೆಸರು, 11ರಲ್ಲಿ ಸಾಲದ ಬೋಜಾ ಇಲ್ಲದ್ದು, ಎರಡನ್ನೂ ಇಲ್ಲಿಯೇ ನೋಡಿಕೊಳ್ಳುವುದು ಲೇಸು. ಇಲ್ಲವಾದರೆ ಸಂಜೆ ಐದಕ್ಕೆ ಮತ್ತೆ ಇದೇ ಟೇಬಲ್ಲಿಗೆ ಓಡಿ ಬರುತ್ತಾರೆ.

ನಡುವೆ ವಿದ್ಯಾರ್ಥಿಯೊಬ್ಬ "ಬಾಂಡ್ ಪೇಪರ್" ಕೇಳಿದ. ಅವನಿಗೆ ಬೇಕಾದದ್ದು ಪ್ರಾಜೆಕ್ಟ್ ಪ್ರಿಂಟಿಗೆ ದಪ್ಪ ಹಾಳೆ, 100 ಜಿಎಸ್‌ಎಂದು. ಹಿಂದೆ ಸರ್ಕಾರಿ ಸಾಲಪತ್ರಗಳನ್ನು ಬಾಳಿಕೆಯ ಕಾಗದದ ಮೇಲೆ ಅಚ್ಚು ಹಾಕುತ್ತಿದ್ದರು, ಹಾಳೆಗೆ ಆ ಹೆಸರೇ ಅಂಟಿತು. ಅವನನ್ನು ಝೆರಾಕ್ಸ್ ಅಂಗಡಿಗೆ ಕಳಿಸಿದ್ದಾಯಿತು.

ಕೊನೆಗೆ ಬಂದವರು ಒಬ್ಬ ಗೌಂಡಿ ಮತ್ತು ಮನೆ ಕಟ್ಟಿಸುವ ಯಜಮಾನರು, ಕರಾರು ಪತ್ರಕ್ಕೆ. ಯಜಮಾನರು ಕಾಗದದ ಬಾಂಡ್ ಬಗ್ಗೆ ಕೇಳುತ್ತಿದ್ದರೆ ಗೌಂಡಿ ಗೋಡೆಯ ಬಾಂಡ್ ಬಗ್ಗೆ ಮಾತಾಡುತ್ತಿದ್ದ. ಇಟ್ಟಿಗೆಯಾದರೆ ಒಂದು ವರಸೆ ಉದ್ದಕ್ಕೆ, ಮೇಲಿನದು ಅಡ್ಡಕ್ಕೆ, ಸಂದಿನ ಮೇಲೆ ಸಂದು ಬೀಳಬಾರದು. ಅದು ಇಂಗ್ಲಿಷ್ ಬಾಂಡ್. ಕಲ್ಲಿನ ಗೋಡೆಗೆ ನಿಯಮ ಬೇರೆ. ಒಳಮೈ ಒಂದು ಪದರು, ಹೊರಮೈ ಒಂದು, ನಡುವೆ ಚೂರುಕಲ್ಲು ತುಂಬಿ ಏರಿಸಿದರೆ ನೋಡಲು ಗೋಡೆ ದಪ್ಪ, ಅಲುಗಾಡಿದರೆ ಎರಡೂ ಪದರು ಬಾಯಿ ಬಿಡುತ್ತವೆ. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಮಲಗಿದವರ ಮೇಲೆ ಬಿದ್ದದ್ದು ಇಂಥವೇ ಗೋಡೆಗಳು. ಎರಡು ಪದರನ್ನೂ ಹಿಡಿಯುವ ಆರಪಾರ ಕಲ್ಲಿಗೆ ಪುಸ್ತಕದಲ್ಲಿ ಬಾಂಡ್ ಸ್ಟೋನ್ ಅನ್ನುತ್ತಾರೆ.

ಯಜಮಾನರು ಇಷ್ಟೊತ್ತು ಚೌಕಾಸಿ ಮಾಡುತ್ತಿದ್ದದ್ದು ಬರೀ ಚದರಡಿ ರೇಟಿನ ಬಗ್ಗೆ. ಕರಾರಿನಲ್ಲಿ ಇನ್ನೊಂದು ಕಲಮು ಸೇರಿತು: "ಕಲ್ಲಿನ ಗೋಡೆಗೆ ಎತ್ತರದಲ್ಲಿ ಎರಡು ಅಡಿಗೊಮ್ಮೆ, ಉದ್ದಕ್ಕೆ ನಾಲ್ಕು ಅಡಿಗೊಂದರಂತೆ ಆರಪಾರ ಕಲ್ಲು ಕೂಡಿಸತಕ್ಕದ್ದು." ಗೌಂಡಿ ಓದಿಸಿ ಕೇಳಿದ. "ಕಲ್ಲ್ ಯಾರ್ ತರೋದು, ಅದೂ ಬರೀರಿ" ಅಂದ.