ದರಕಿನ ಮೇಲಿನ ಹಾಡುಗಾರ: ಗಣೇಶಗುಡಿಯಲ್ಲಿ ನೆಲಸಿಳ್ಳಾರ

ಗಣೇಶಗುಡಿ ಜೊಯಿಡಾ ತಾಲ್ಲೂಕಿನ ಸಣ್ಣ ಊರು. ದಾಂಡೇಲಿಯಿಂದ ಹೊರಟರೆ ದಾರಿಯುದ್ದಕ್ಕೂ ಕಾಡು. ಊರಿನ ಪಕ್ಕದಲ್ಲೇ ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟು. ಅದನ್ನು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಜಾಗವೇ ಈಗ ಓಲ್ಡ್ ಮ್ಯಾಗಜಿನ್ ಹೌಸ್ ಎಂಬ ವಸತಿ. ಈಗ ಅಲ್ಲಿ ಸಿಡಿಯುವುದು ಕ್ಯಾಮೆರಾಗಳು ಮಾತ್ರ.

ಹಕ್ಕಿಗಳಿಗೆಂದು ಅಲ್ಲಲ್ಲಿ ನೀರಿನ ತೊಟ್ಟಿ ಇಟ್ಟಿದ್ದಾರೆ. ಬೇಸಿಗೆಯಲ್ಲಿ ಕಾಡು ಒಣಗಿದಾಗ ಅಲ್ಲಿ ಜಾತ್ರೆ. ಬುಲ್‌ಬುಲ್, ಹರಟೆಮಲ್ಲ ಎಲ್ಲ ಬಂದು ಗಲಾಟೆ ಮಾಡಿ ಹೋದ ಮೇಲೆ, ಬೆಳಕು ಇಳಿಯುವ ಹೊತ್ತಿಗೆ ನೆಲಸಿಳ್ಳಾರ (ಇಂಗ್ಲಿಷಿನಲ್ಲಿ ಆರೆಂಜ್-ಹೆಡೆಡ್ ಥ್ರಷ್) ಬಂತು. ಕುಪ್ಪಳಿಸಿತು, ನಿಂತಿತು, ಮತ್ತೆ ಕುಪ್ಪಳಿಸಿತು.

ಗಾತ್ರದಲ್ಲಿ ಮೈನಾಕ್ಕಿಂತ ಸ್ವಲ್ಪ ಚಿಕ್ಕದು, ತೂಕ ಹೆಚ್ಚೆಂದರೆ 60 ಗ್ರಾಂ. ತಲೆ, ಎದೆ, ಹೊಟ್ಟೆ ಎಲ್ಲ ಮಾಗಿದ ಕಿತ್ತಳೆ ಬಣ್ಣ. ಬೆನ್ನು ಬೂದು ಬೆರೆತ ನೀಲಿ. ರೆಕ್ಕೆಯ ಮೇಲ್ಭಾಗದಲ್ಲಿ ಬಿಳಿ ಮಚ್ಚೆ. ಹಿಮಾಲಯದ ಕಡೆಯ ನೆಲಸಿಳ್ಳಾರಕ್ಕೆ ಮುಖವೆಲ್ಲ ಕಿತ್ತಳೆಯೇ. ನಮ್ಮ ದಕ್ಷಿಣದ ಉಪಜಾತಿಗೆ ಮಾತ್ರ ಗಂಟಲು ಮತ್ತು ಕೆನ್ನೆ ಬಿಳಿ, ಕೆನ್ನೆಯ ಮೇಲೆ ಕಪ್ಪನೆಯ ಎರಡು ಪಟ್ಟೆ ಕೆಳಗಿಳಿದಿರುತ್ತವೆ. ನನಗಂತೂ ನಮ್ಮದೇ ಜಾಸ್ತಿ ಚೆಂದ! ಹೆಣ್ಣಿನ ಬೆನ್ನಿನಲ್ಲಿ ಕಂದು ಛಾಯೆ, ಬಣ್ಣವೂ ಸ್ವಲ್ಪ ಮಂಕು.

ತೊಟ್ಟಿಯ ಹತ್ತಿರ ಫೋಟೊ ಸುಲಭವಾಗಿ ಸಿಗುತ್ತದೆ, ನಿಜ. ಆದರೆ ಎಲ್ಲರ ಫೋಟೊವೂ ಒಂದೇ ತರ. ಹಕ್ಕಿ ಬದುಕುವುದು ದರಕಿನ ಮೇಲೆ, ಅಂದರೆ ಕಾಡಿನ ನೆಲಕ್ಕೆ ಉದುರಿದ ಒಣ ಎಲೆಗಳ ಮೇಲೆ. ಮರುದಿನ ಬೆಳಿಗ್ಗೆ ಜೊತೆಗೆ ಬಂದ ಸ್ಥಳೀಯ ಹುಡುಗ ಮೊದಲೇ ಹೇಳಿದ: “ಹಕ್ಕಿ ಹುಡುಕ್ಬೇಡಿ ಸರ್, ಎಲೆ ಹಾರೋದು ನೋಡಿ.”

ಹೌದು, ಬಿದಿರುಮೆಳೆಯ ಬುಡದಲ್ಲಿ ಒಣ ಎಲೆಗಳು ಒಂದೊಂದಾಗಿ ಪಕ್ಕಕ್ಕೆ ಹಾರುತ್ತಿದ್ದವು! ಕೊಕ್ಕಿನಿಂದ ಎಲೆ ಎತ್ತಿ ಎಸೆಯುವುದು, ತಲೆ ಓರೆ ಮಾಡಿ ನೋಡುವುದು, ಸಿಕ್ಕ ಹುಳವನ್ನು ನುಂಗುವುದು. ಕೀಟ, ಎರೆಹುಳು, ಉದುರಿದ ಹಣ್ಣು, ಎಲ್ಲ ಆಗುತ್ತದೆ. ಕೆಲಸಕ್ಕೆ ಬೆಳಗಿನ ಜಾವ ಮತ್ತು ಸಂಜೆ. ಒಣ ಕೊಂಬೆ ಮುರಿದ ಸದ್ದಾಯಿತು ನೋಡಿ, ಹಕ್ಕಿ ಕಲ್ಲಾಗಿ ನಿಂತಿತು. ಅಷ್ಟು ಗಾಢ ಬಣ್ಣದ ಹಕ್ಕಿ, ಅಲ್ಲಾಡದಿದ್ದರೆ ಕಣ್ಣೆದುರೇ ಇದ್ದರೂ ಕಾಣುವುದಿಲ್ಲ. ಆಮೇಲೆ ಹತ್ತಿರದ ಕೊಂಬೆಗೆ ಹಾರಿತು. ಹಾರುವಾಗ ರೆಕ್ಕೆಯ ಅಡಿಯ ಬಿಳಿ ಪಟ್ಟಿ ಮಿಂಚಿತು.

ಹಾಡು ಕೇಳಬೇಕಂದ್ರೆ ಮಳೆಗಾಲದ ಆಸುಪಾಸಿನಲ್ಲಿ ಬರಬೇಕು. ಅದು ಗೂಡು ಕಟ್ಟುವ ಕಾಲ. ನೆಲದ ಹಕ್ಕಿಯಾದರೂ ಹಾಡುವುದು ಮರದ ಎಲೆಮರೆಯಲ್ಲಿ ಕೂತು. ಜೋರಾದ, ಸಿಹಿಯಾದ ಸಿಳ್ಳೆ. ನಡುನಡುವೆ ಬುಲ್‌ಬುಲ್‌ನಂಥ ಬೇರೆ ಹಕ್ಕಿಗಳ ದನಿಯನ್ನೂ ಕದ್ದು ಸೇರಿಸುತ್ತದೆ. ಗೂಡೂ ನೆಲದಲ್ಲಿರುವುದಿಲ್ಲ, ಗಿಡ ಅಥವಾ ಸಣ್ಣ ಮರದ ಕವಲಿನಲ್ಲಿ. ಕಡ್ಡಿ, ಪಾಚಿ, ನಾರುಬೇರಿನ ಆಳವಿಲ್ಲದ ಬಟ್ಟಲು. ಮೂರೋ ನಾಲ್ಕೋ ಮೊಟ್ಟೆ. ಎರಡು ವಾರದೊಳಗೆ ಮರಿ.

ನಾವು ಹೋದಾಗ ಒಂದೇ ಒಂದು ಮಳೆ ಬಿದ್ದಿತ್ತು. ಹಾಡು ಸುಮ್ನೆ ಎರಡು ತುಣುಕು ಕೇಳಿತು, ಅಷ್ಟೇ. ಮಳೆ ಹಿಡಿದ ಮೇಲೆ ಕಾಡಿನಲ್ಲೆಲ್ಲ ನೀರಿರುವುದರಿಂದ ತೊಟ್ಟಿಗಳಿಗೆ ಗಿರಾಕಿ ಕಡಿಮೆ, ಉಂಬಳ (ಜಿಗಣೆ) ಜಾಸ್ತಿ, ಫೋಟೊಗೆ ಬೆಳಕೂ ಸಾಲದು. ಆದ್ದರಿಂದ ಲೆನ್ಸ್ ಹೊತ್ತವರು ಏಪ್ರಿಲ್‌ನಲ್ಲೇ ಹೋಗಲಿ. ನಾನು ಮುಂದಿನ ಸಲ ಜೂನ್‌ಗೆ ಹೋಗುವವನು, ಬೈನಾಕ್ಯುಲರ್ ಮತ್ತು ಉಂಬಳದ ಕಾಲುಚೀಲ ಹಿಡಿದು.