ಹಳೇ ಪಾರ್ಟ್ ಅಂತ ಚೆಕ್ ಬಿಡೋಕಾಗಲ್ಲ

ವಸಂತನರಸಾಪುರದ ಒಂದು ಮಷಿನ್ ಶಾಪ್‌ನಲ್ಲಿ ನಾನು ಕ್ಯೂಸಿ, ಅಂದರೆ ಪಾರ್ಟ್‌ಗಳ ಗುಣಮಟ್ಟ ನೋಡುವವಳು. ಡಿಸ್ಪ್ಯಾಚ್ ದಿನ ನಡೆದ ಜಗಳ ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ.

ಸೆಕೆಂಡ್ ಶಿಫ್ಟ್ ಮುಗಿಯುವ ಹೊತ್ತು. ಗಾಡಿ ಗೇಟಿಗೆ ಬಂದು ನಿಂತಿತ್ತು. ವಾಲ್ವ್ ಬಾಡಿಯ ಬೋರ್‌ಗೆ, ಅಂದರೆ ಒಳಗಿನ ರಂಧ್ರಕ್ಕೆ, ನೋ-ಗೋ ಗೇಜ್ ಹಾಕಿದೆ. ಅಳತೆ ಸರಿಯಿದ್ದರೆ ಅದು ಒಳಗೆ ಹೋಗಬಾರದು, ಸಲೀಸಾಗಿ ಹೋಯಿತು. ಬೇರೆ ಪೀಸ್ ತೆಗೆದೆ, ಅದೂ ಅಷ್ಟೇ. ಲಾಟ್‌ಗೆ ಹೋಲ್ಡ್ ಟ್ಯಾಗ್ ಕಟ್ಟಿದೆ.

"ಅಕ್ಕಾ, ವರ್ಷಗಟ್ಟಲೆ ಓಡಿರೋ ಪಾರ್ಟ್ ಇದು. ಒಂದು ಕಂಪ್ಲೇಂಟೂ ಬಂದಿಲ್ಲ" ಎಂದ ಆಪರೇಟರ್. ಮ್ಯಾನೇಜರ್ ಬಂದು ಅದನ್ನೇ ಹೇಳಿದರು.

ನಾನು ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್‌ನ ಕಥೆ ತೆಗೆದೆ. 1993ರ ಸೆಪ್ಟೆಂಬರ್‌ನಲ್ಲಿ ಅದರ ಮೊದಲ ಹಾರಾಟವೇ ಸೋತಿತು. ಎರಡನೇ ಹಂತ ಕಳಚುವಾಗ ರಾಕೆಟ್ ಓಲಾಡಿತು, ಅದನ್ನು ಹಿಡಿತಕ್ಕೆ ತರಬೇಕಿದ್ದ ಸಾಫ್ಟ್‌ವೇರ್‌ನಲ್ಲೂ ದೋಷವಿತ್ತು. ತಿದ್ದಿಕೊಂಡು 1994ರ ಅಕ್ಟೋಬರ್‌ನಲ್ಲಿ ಗೆದ್ದರು. ಆಮೇಲೆ 2008ರಲ್ಲಿ ಚಂದ್ರಯಾನ, 2013ರಲ್ಲಿ ಮಂಗಳಯಾನ, 2017ರ ಫೆಬ್ರುವರಿಯಲ್ಲಿ ಒಂದೇ ಸಲಕ್ಕೆ 104 ಉಪಗ್ರಹ. ಅದೇ ವರ್ಷ ಆಗಸ್ಟ್ 31ರಂದು ಸಿ39 ಅನ್ನೋ ಪಿಎಸ್‌ಎಲ್‌ವಿ ಹಾರಿತು. ನಾಲ್ಕೂ ಹಂತ ಉರಿದವು. ಆದರೆ ಮೇಲಿನ ಶಾಖಕವಚ ಬಿಚ್ಚಲಿಲ್ಲ. ಆ ಭಾರಕ್ಕೆ ಬೇಕಾದ ವೇಗ ಸಿಗಲಿಲ್ಲ, ಉಪಗ್ರಹ ಕವಚದೊಳಗೇ ಉಳಿಯಿತು. ಅಷ್ಟು ಸಲ ಬಿಚ್ಚಿಕೊಂಡಿದ್ದ ಕವಚವೇ ಅಲ್ವಾ ಅದು! 2025ರ ಮೇ 18ರಂದು ಸಿ61ರಲ್ಲಿ ಮೂರನೇ ಹಂತದ ಒತ್ತಡ ಕುಸಿಯಿತು. ಅದು ಪಿಎಸ್‌ಎಲ್‌ವಿಯ 63ನೇ ಹಾರಾಟ.

ಇಷ್ಟು ಕೇಳಿದರೆ ಸಾರ್ ಒಪ್ಪುತ್ತಾರೆ ಅಂತ ನಂಬಿದ್ದೆ. "ನಾವು ರಾಕೆಟ್ ಮಾಡ್ತಿಲ್ಲಮ್ಮ, ಗಾಡಿ ಕಾಯ್ತಿದೆ" ಎಂದುಬಿಟ್ಟರು. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಸ್ಟೋರ್‌ನವರು ಟ್ಯಾಗ್ ಬಿಚ್ಚೋದಾ ಬೇಡ್ವಾ ಅಂತ ನನ್ನ ಮುಖ ನೋಡುತ್ತಿದ್ದರು. ಆಗ ಗೇಜನ್ನೇ ಸಾರ್ ಕೈಗೆ ಕೊಟ್ಟೆ, "ನೀವೇ ಹಾಕಿ ನೋಡಿ ಸಾರ್" ಎಂದೆ. ಹಾಕಿದರು. ಹೋಯಿತು. ಆ ಲಾಟ್ ಇಲ್ಲೇ ಉಳಿಸಿ ಗಾಡಿ ಹೊರಟಿತು.

ಮಾತಿಗಿಂತ ಮೊದಲು ಗೇಜ್ ಕೊಡಬೇಕಿತ್ತು. ಮುಂದೆ ಹಾಗೇ ಮಾಡುತ್ತೇನೆ.

ಆಮೇಲೆ ಹುಡುಕಿದಾಗ ಗೊತ್ತಾಯಿತು: ಊಟದ ಹೊತ್ತಿನಲ್ಲಿ ಇನ್ಸರ್ಟ್, ಅಂದರೆ ಲೋಹ ಕತ್ತರಿಸುವ ತುದಿ, ಬದಲಾಗಿತ್ತು. ಅದಕ್ಕೆ ಮಷಿನ್‌ಗೆ ಹೊಸ ಆಫ್‌ಸೆಟ್ (ಟೂಲಿನ ಅಳತೆಯ ಹೊಂದಾಣಿಕೆ) ಕೊಟ್ಟ ಮೇಲೆ ಬಂದ ಫಸ್ಟ್ ಪೀಸನ್ನು ಚೆಕ್‌ಗೆ ಯಾರೂ ತೋರಿಸಿರಲಿಲ್ಲ. ಆಪರೇಟರ್‌ನನ್ನು ಬೈದು ಪ್ರಯೋಜನವಿಲ್ಲ. ಹಳೇ ಪಾರ್ಟ್‌ಗಳಿಗೆ ಶಿಫ್ಟ್‌ಗೊಂದೇ ಫಸ್ಟ್ ಪೀಸ್ ಸಾಕು ಅಂತ ಬರೆದಿಟ್ಟವರು ಮೇಲಿನವರು. ಇನ್ಸರ್ಟ್ ಬದಲಾದಾಗಲೆಲ್ಲ ಚೆಕ್ ಆಗಬೇಕು ಅಂತ ಚೆಕ್‌ಶೀಟ್ ತಿದ್ದಿ ಕಳಿಸಿದ್ದೇನೆ. ಸಹಿ ಇನ್ನೂ ಬಿದ್ದಿಲ್ಲ. ದಿನಾ ಕೇಳುತ್ತಿದ್ದೇನೆ.