ಹೆಜ್ಜೆ ಆಟ ಆಡಿಸುವ ಮೊದಲು ಒಂದು ಮಾತು

ಅಸಮಾನತೆಯ ಪಾಠಕ್ಕೆಂದು ಶಿಕ್ಷಕರ ತರಬೇತಿಗಳಲ್ಲಿ ಮತ್ತೆ ಮತ್ತೆ ಹೇಳಿಕೊಡುವ ಒಂದು ಚಟುವಟಿಕೆ ಇದೆ. ಮಕ್ಕಳನ್ನೆಲ್ಲ ಮೈದಾನದಲ್ಲಿ ಒಂದೇ ಗೆರೆಯ ಮೇಲೆ ನಿಲ್ಲಿಸಬೇಕು. 'ಮನೆಯಲ್ಲಿ ಶೌಚಾಲಯ ಇರುವವರು ಒಂದು ಹೆಜ್ಜೆ ಮುಂದೆ ಬನ್ನಿ', 'ಅಪ್ಪ ಅವ್ವ ಇಬ್ಬರಿಗೂ ಓದು ಬಾರದವರು ಒಂದು ಹೆಜ್ಜೆ ಹಿಂದೆ ಸರಿಯಿರಿ' ಎಂದು ಒಂದೊಂದೇ ವಾಕ್ಯ ಓದಬೇಕು. ಕೊನೆಗೆ ಯಾರು ಎಲ್ಲಿ ನಿಂತಿದ್ದಾರೆ ಅಂತ ಎಲ್ಲರೂ ತಿರುಗಿ ನೋಡಬೇಕು. ಅಮೆರಿಕದ ಕಾಲೇಜುಗಳಲ್ಲಿ ಬೆಳೆದು ನಮ್ಮ ಕಡೆ ಬಂದ ಆಟ ಇದು. ಯಾದಗಿರಿ ಜಿಲ್ಲೆಯ ಸರ್ಕಾರಿ ಪಿಯು ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳಿಕೊಡುವ ನಾನು ಇದನ್ನು ಈ ರೂಪದಲ್ಲಿ ಮಾಡಿಸುವುದಿಲ್ಲ. ನೀವೂ ಮಾಡಿಸಬೇಡಿ ಎಂದು ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ದೊಡ್ಡ ಊರಿನ ಕಾಲೇಜಿನಲ್ಲಿ ಒಬ್ಬರ ಮನೆ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ನಮ್ಮಲ್ಲಿ ಸುತ್ತಲಿನ ಹಳ್ಳಿಗಳ ಮಕ್ಕಳು ಒಂದೇ ಬಸ್ಸಿನಲ್ಲಿ ಬರುತ್ತಾರೆ. ಯಾರು ಯಾವ ಓಣಿ, ಯಾರು ಯಾವ ಕೇರಿ, ಯಾರು ತಾಂಡಾದವರು ಎಂಬುದು ಎಲ್ಲರಿಗೂ ಗೊತ್ತು. ಹೆಜ್ಜೆ ಹಿಂದೆ ಸರಿಯುತ್ತಾ ಹೋಗುವ ಹುಡುಗಿಗೆ ಆ ಆಟದಿಂದ ಹೊಸದಾಗಿ ತಿಳಿಯುವುದು ಏನೂ ಇಲ್ಲ. ಬೆಳಿಗ್ಗೆ ಎದ್ದು ತಂಬಿಗೆ ಹಿಡಿದಾಗಲೇ ಆಕೆಗೆ ಅದು ಗೊತ್ತಿತ್ತು. ತಿಳಿಯುವುದೇನಿದ್ದರೂ ಮುಂದೆ ನಿಂತವನಿಗೆ. ಒಬ್ಬನಿಗೆ ಪಾಠವಾಗಲಿ ಎಂದು ಇನ್ನೊಬ್ಬಳ ಮಾನ ಖರ್ಚು ಮಾಡುವ ಹಕ್ಕು ನಮಗಿಲ್ಲ.

ಹಾಗಂತ ಆಟವನ್ನೇ ಕೈಬಿಡಬೇಕಿಲ್ಲ. ನಾನು ಮಾಡುವುದು ಹೀಗೆ: ಪ್ರತಿಯೊಬ್ಬರ ಕೈಗೆ ಒಂದು ಚೀಟಿ ಕೊಡುತ್ತೇನೆ. ಅದರಲ್ಲಿ ಒಬ್ಬ ಮನುಷ್ಯ ಇರುತ್ತಾನೆ. ಕಾಲುವೆ ನೀರು ಹರಿಯುವ ಹೊಲ ಇರುವ ಗೌಡರ ಮಗಳು. ಅಪ್ಪ ಅವ್ವ ಪುಣೆಗೆ ಗುಳೆ ಹೋಗಿ, ಅಜ್ಜಿ ಜೊತೆ ತಾಂಡಾದಲ್ಲಿ ಉಳಿದ ಹುಡುಗ. ಉರ್ದು ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ ಈಗ ಕನ್ನಡ ಮಾಧ್ಯಮಕ್ಕೆ ಬಂದವನು. ಊರೂರಿಗೆ ಟ್ರ್ಯಾಕ್ಟರ್ ಓಡಿಸುವ ದಲಿತ ಯುವಕ. ಶಾಲೆ ಬಿಟ್ಟು ಹತ್ತಿ ಬಿಡಿಸಲು ಹೋಗುವ ದಲಿತ ಹುಡುಗಿ. ಕಾಲಿನ ಬಲ ಕಳೆದುಕೊಂಡ, ಸರ್ಕಾರಿ ನೌಕರರ ಮಗ. ಚೀಟಿಯಲ್ಲಿರುವುದು ತನ್ನ ಬದುಕಿಗೆ ತೀರಾ ಹತ್ತಿರ ಎನಿಸಿದರೆ ಕಾರಣ ಹೇಳದೆ ಬದಲಿಸಿಕೊಳ್ಳಬಹುದು. ನಂತರ ನಾನು ಓದುವ ವಾಕ್ಯಗಳಿಗೆ ಆ ಮನುಷ್ಯನ ಪರವಾಗಿ ಹೆಜ್ಜೆ ಇಡಬೇಕು.

ಒಂದು ವಾಕ್ಯ ಮಾತ್ರ ಪ್ರತಿ ಬ್ಯಾಚಿನಲ್ಲೂ ಆಟ ನಿಲ್ಲಿಸಿಬಿಡುತ್ತದೆ: 'ರಾತ್ರಿ ಎಂಟು ಗಂಟೆಗೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬನೇ ಅಥವಾ ಒಬ್ಬಳೇ ನಿಲ್ಲಬಲ್ಲೆ.' ಗೌಡರ ಮಗಳ ಚೀಟಿ ಹಿಡಿದ ಹುಡುಗ ಒಮ್ಮೆ ಕಾಲೆತ್ತಿ ಹಾಗೇ ನಿಂತ. "ಮೇಡಂ, ಈಕಿಗಿ ರೊಕ್ಕ ಅದ, ಜಮೀನ ಅದ. ಆದ್ರ ಎಂಟು ಗಂಟಿಗಿ ಹೊರಗ ನಿಂದ್ರಲಾಕ ಮನ್ಯಾಗ ಬಿಡಲ್ರಿ. ನಾ ಏನ್ ಮಾಡ್ಲಿ?" ಟ್ರ್ಯಾಕ್ಟರ್ ಚೀಟಿಯ ಹುಡುಗಿ ಅವನಿಗೆ ಉತ್ತರ ಕೊಟ್ಟಳು: "ನಾ ಎಷ್ಟೊತ್ತಿಗಿ ಬೇಕಾದ್ರೂ ನಿಂದ್ರತೀನಿ. ಆದ್ರ ಊರಾಗಿನ ಹೋಟೆಲಿನ್ಯಾಗ ಕುಂತು ಚಾ ಕುಡಿಯಲಾಕ ನನಗ ಬಿಡಲ್ಲ." ಆಗ ಹತ್ತಿ ಬಿಡಿಸುವ ಹುಡುಗಿಯ ಚೀಟಿ ಹಿಡಿದವನು ಸುತ್ತ ನೋಡಿ ಹೇಳಿದ: "ನನಗ ಎರಡೂ ಇಲ್ಲ."

ಇದನ್ನು ನಾನು ಪಾಠ ಮಾಡಿ ಹೇಳಿದ್ದರೆ ಒಂದು ಪೀರಿಯಡ್ ಬೇಕಿತ್ತು, ಅಷ್ಟಾದರೂ ಅರ್ಥವಾಗುತ್ತಿತ್ತೋ ಇಲ್ಲವೋ. ಅಲ್ಲಿಂದ ನೇರವಾಗಿ ಜನರಲ್ ಮೋಟಾರ್ಸ್ ಮೊಕದ್ದಮೆಯ ಕಥೆಗೆ ಹೋಗುತ್ತೇನೆ. ಅಮೆರಿಕದ ಐವರು ಕಪ್ಪು ಮಹಿಳೆಯರು ತಮಗೆ ತಾರತಮ್ಯವಾಗಿದೆ ಎಂದು ಆ ಕಂಪನಿಯ ಮೇಲೆ ದಾವೆ ಹೂಡಿದ್ದರು. ಕಂಪನಿಯಲ್ಲಿ ಹೆಂಗಸರಿದ್ದರು, ಆದರೆ ಅವರು ಬಿಳಿಯರು, ಕಚೇರಿ ಕೆಲಸದವರು. ಕಪ್ಪು ಜನರೂ ಇದ್ದರು, ಆದರೆ ಅವರು ಗಂಡಸರು, ಕಾರ್ಖಾನೆ ಕೆಲಸದವರು. ಬಣ್ಣದ ದೂರು ಬೇರೆ, ಹೆಣ್ಣೆಂಬ ದೂರು ಬೇರೆ, ಎರಡನ್ನೂ ಕೂಡಿಸಿ ಕೇಳಲಾಗದು ಎಂದು 1976ರಲ್ಲಿ ನ್ಯಾಯಾಲಯ ಹೇಳಿತು. ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ಈ ಮೊಕದ್ದಮೆಯನ್ನೇ ಎತ್ತಿಕೊಂಡು, ಎರಡು ತಾರತಮ್ಯಗಳು ಕೂಡುವ ಜಾಗದಲ್ಲಿ ನಿಂತವರು ಕಾನೂನಿನ ಕಣ್ಣಿಗೇ ಬೀಳುವುದಿಲ್ಲ ಎಂದು ತೋರಿಸಿದರು. 'ನನಗ ಎರಡೂ ಇಲ್ಲ' ಎಂದವನಿಗೆ ಈ ಕಥೆ ತಕ್ಷಣ ಹಿಡಿಯಿತು.

ಇನ್ನು ಮೀಸಲಾತಿಯ ವಿಷಯ. ಇದಕ್ಕೆ ನಮ್ಮ ಕಲ್ಯಾಣ ಕರ್ನಾಟಕದ ಶಿಕ್ಷಕರ ಹತ್ತಿರ ರಾಜ್ಯದ ಬೇರೆ ಯಾವ ಕಡೆಯೂ ಇಲ್ಲದ ಒಂದು ದಾರಿ ಇದೆ, ಅದು ಸಂವಿಧಾನದ 371(ಜೆ) ವಿಧಿ. ಪಿಯುಸಿ ಮುಗಿಯುವ ಹೊತ್ತಿಗೆ ನಮ್ಮ ಮಕ್ಕಳೆಲ್ಲ, ಜಾತಿ ಯಾವುದೇ ಇರಲಿ, ಆ ವಿಧಿಯ ಸರ್ಟಿಫಿಕೇಟಿಗಾಗಿ ಓಡಾಡುತ್ತಾರೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದು 2013ರಿಂದ ಜಾರಿಯಾದ ಈ ವಿಧಿಯಿಂದ ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ಇಲ್ಲಿನವರಿಗೆ ಸಿಗುತ್ತವೆ.

ತರಗತಿಯನ್ನು ಎರಡು ಗುಂಪು ಮಾಡುತ್ತೇನೆ. ಒಂದು ಗುಂಪು ಮೈಸೂರಿನ ವಿದ್ಯಾರ್ಥಿಗಳು: 'ನಮಗಿಂತ ಕಡಿಮೆ ಅಂಕ ಪಡೆದ ಯಾದಗಿರಿಯವರಿಗೆ ಸೀಟು ಯಾಕೆ?' ಇನ್ನೊಂದು ಗುಂಪು ಉತ್ತರಿಸಬೇಕು. ಉತ್ತರಗಳು ಮಳೆ ಸುರಿದಂತೆ ಬರುತ್ತವೆ. ನಮ್ಮಲ್ಲಿ ಶಾಲೆ ಇದ್ದರೂ ಮಾಸ್ತರಿಲ್ಲ. ನಿಜಾಮರ ಕಾಲದಿಂದ ಹಿಂದೆ ಬಿದ್ದೆವು, 1948ರ ಸೆಪ್ಟೆಂಬರ್ 17ರವರೆಗೆ ನಮಗೆ ಸ್ವಾತಂತ್ರ್ಯವೇ ಇರಲಿಲ್ಲ. ಅಂಕ ಒಂದೇ ನೋಡಿದರೆ ಹೇಗೆ, ಎಲ್ಲಿಂದ ಓಡಲು ಶುರು ಮಾಡಿದೆವು ಅನ್ನುವುದನ್ನೂ ನೋಡಬೇಕಲ್ಲ? ಇದೇನು ಭಿಕ್ಷೆ ಅಲ್ಲ, ನಮ್ಮ ಹಕ್ಕು. ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳನ್ನು ಹೆಸರಿಸಿದ 2002ರ ನಂಜುಂಡಪ್ಪ ವರದಿಯನ್ನು ನಾನು ಸೇರಿಸುತ್ತೇನೆ. ಎಲ್ಲವನ್ನೂ ಅವರ ಮಾತಿನಲ್ಲೇ ಬೋರ್ಡಿನ ಮೇಲೆ ಬರೆಯುತ್ತೇನೆ. ಆಮೇಲೆ ಮೇಲಿನ '371(ಜೆ)' ಎಂಬ ತಲೆಬರಹ ಅಳಿಸಿ 'ಎಸ್‌ಸಿ, ಎಸ್‌ಟಿ ಮೀಸಲಾತಿ' ಎಂದು ಬರೆದು, ಕೆಳಗಿನ ಸಾಲುಗಳನ್ನು ಮತ್ತೆ ಓದಲು ಹೇಳುತ್ತೇನೆ.

ಮೊದಲು ಬರುವುದು ವಿರೋಧವೇ. 'ಅದು ಬ್ಯಾರೆ, ಇದು ಬ್ಯಾರೆ ಮೇಡಂ.' ಆ ಮಾತನ್ನು ತಳ್ಳಿಹಾಕಬಾರದು, ಏಕೆಂದರೆ ಅದು ನಿಜ. ಏನು ಬೇರೆ ಎಂದು ಗುಂಪಿನಲ್ಲೇ ಕೂತು ಪಟ್ಟಿ ಮಾಡಲಿ. ಬೆಂಗಳೂರಿಗೆ ಹೋಗಿ ನೆಲೆಸಿದರೆ ಯಾದಗಿರಿ ಹಿಂದೆ ಉಳಿಯುತ್ತದೆ, ಜಾತಿ ಬಾಡಿಗೆ ಮನೆಯ ಬಾಗಿಲವರೆಗೂ ಬರುತ್ತದೆ. ಜಿಲ್ಲೆ ಹಿಂದುಳಿದಿದೆ ಎಂದು ಯಾರೂ ಗುಡಿಯ ಹೊರಗೆ ನಿಲ್ಲಿಸಿಲ್ಲ. ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ 17ನೇ ವಿಧಿ ಬೇಕಾಗಿದ್ದು ಯಾಕೆ ಎಂಬ ಪ್ರಶ್ನೆ ಇಲ್ಲಿ ತಾನಾಗಿ ಏಳುತ್ತದೆ. ತನ್ನ ಕೈಯಲ್ಲೂ ಒಂದು ಸರ್ಟಿಫಿಕೇಟ್ ಇದೆ ಎಂದು ತಿಳಿದ ಮೇಲೆ ಮೀಸಲಾತಿಯ ಮಾತಾಡುವ ದನಿ ಬದಲಾಗುವುದನ್ನು ನಾನು ಕಂಡಿದ್ದೇನೆ. ಎಲ್ಲರದ್ದೂ ಬದಲಾಗುವುದಿಲ್ಲ. ಒಂದು ಮಧ್ಯಾಹ್ನದಲ್ಲಿ ಆಗುವ ಕೆಲಸವೂ ಅಲ್ಲ.

'ನಾನು ಯಾರು' ಎಂದು ಐದು ಸಾಲು ಬರೆಸುವ ಚಟುವಟಿಕೆಯೂ ಒಳ್ಳೆಯದೇ, ಆದರೆ ಆ ಹಾಳೆ ಬರೆದವರ ಜೇಬಿನಲ್ಲೇ ಇರಬೇಕು. ಓದಿಸಬೇಡಿ, ಸಂಗ್ರಹಿಸಬೇಡಿ. ಹುಡುಗಿಯರು 'ಹೆಣ್ಣು' ಎಂದು ಬರೆದುಕೊಂಡಿರುತ್ತಾರೆ, 'ಗಂಡು' ಎಂದು ಬರೆದವರು ಎಷ್ಟು ಮಂದಿ ಎಂದು ಅವರವರೇ ಮನಸ್ಸಿನಲ್ಲಿ ನೋಡಿಕೊಳ್ಳಲಿ, ಅಷ್ಟು ಸಾಕು. ಮುಂದೆ ಕೂತವರಿಗೆ ಸುಲಭ, ಹಿಂದಿನವರಿಗೆ ಕಷ್ಟ ಎಂದು ತೋರಿಸಲು ಹಿಂದಿನ ಬೆಂಚಿನಿಂದ ಬುಟ್ಟಿಗೆ ಕಾಗದದ ಉಂಡೆ ಎಸೆಯುವ ಆಟ ಚಿಕ್ಕ ಮಕ್ಕಳಿಗೆ ಚೆಂದ. ಪಿಯು ಮಕ್ಕಳಿಗೆ ಸಾಲದು, ಬೆಂಚನ್ನು ಅಲ್ಲಿಟ್ಟವರು ಯಾರು ಎಂಬುದನ್ನು ಅದು ಕೇಳುವುದೇ ಇಲ್ಲ. ಜೇನ್ ಎಲಿಯಟ್ ಎಂಬ ಶಿಕ್ಷಕಿ 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಮರುದಿನ, ಅಯೋವಾದ ತನ್ನ ಮೂರನೇ ತರಗತಿಯ ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ಮೇಲು ಕೀಳು ಮಾಡಿದ ಪ್ರಯೋಗವನ್ನು ಇಲ್ಲಿ ಮಾಡಬೇಕೆಂಬ ಆಸೆ ಕೆಲವರಿಗಿದೆ. ದಯವಿಟ್ಟು ಬೇಡ, ಕಥೆಯಾಗಿ ಹೇಳಿ. ಆ ತರಗತಿಯ ಬಿಳಿ ಮಕ್ಕಳಿಗೆ ಅವಮಾನ ಹೊಸದಾಗಿತ್ತು. ನಮ್ಮ ತರಗತಿಯ ಎಷ್ಟೋ ಮಕ್ಕಳಿಗೆ ಹೊಸದಲ್ಲ.

ಎರಡು ಪೀರಿಯಡ್ ಜೋಡಿಸಿಕೊಳ್ಳಿ, ಅರ್ಧ ಸಮಯ ಮಾತಿಗೇ ಇರಲಿ. ಗುಂಪುಗಳನ್ನು ಎಣಿಸಿ ಮಾಡಿ. ಅವರಿಗೇ ಬಿಟ್ಟರೆ ಓಣಿಗೊಂದು ಗುಂಪಾಗುತ್ತದೆ. ಫೋಟೊ ತೆಗೆದು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುವುದು ಬೇಡವೇ ಬೇಡ. ಹತ್ತಿ ಬಿಡಿಸುವ ಹಂಗಾಮಿನಲ್ಲಿ ಇಟ್ಟುಕೊಳ್ಳಬೇಡಿ, ಈ ಪಾಠ ಯಾರ ಬದುಕಿನದೋ ಅವರೇ ಅವತ್ತು ಹೊಲದಲ್ಲಿರುತ್ತಾರೆ. ಇಂಥ ಚರ್ಚೆಯ ನಂತರ ಯಾರಾದರೂ ಒಬ್ಬಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಲ್ಲಬಹುದು, ಮನೆಯಲ್ಲಿ ಮದುವೆ ಗೊತ್ತು ಮಾಡಿದ್ದಾರೆ ಎಂದು ಹೇಳಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದೂ ಆಕೆಯ ಜೊತೆಗಿರುವುದೂ ಪಾಠದ ಭಾಗವೇ. ಅದಕ್ಕೆ ತಯಾರಿಲ್ಲದಿದ್ದರೆ ಚಟುವಟಿಕೆಯನ್ನು ಮುಂದೂಡಿ.

ಈಗ ಚೀಟಿಗಳನ್ನು ಹಿರಿಯ ಮಕ್ಕಳೇ ಮುಂದಿನ ಬ್ಯಾಚಿಗೆ ಬರೆಯುತ್ತಾರೆ. ನಾನು ಓದಿ, ಕೆಲವನ್ನು ತೆಗೆದಿಡುತ್ತೇನೆ. ದೇವದಾಸಿ ತಾಯಿಯ ಮಗು ಎಂಬ ಚೀಟಿ ಬಂದರೆ ಎತ್ತಿಡುತ್ತೇನೆ. ಆ ಮಗು ಅದೇ ತರಗತಿಯಲ್ಲಿರಬಹುದು, ಚೀಟಿ ಬದಲಿಸಿಕೊಂಡರೂ ಪಕ್ಕದವನ ಕೈಯಲ್ಲಿ ಅದನ್ನು ನೋಡಬೇಕಾಗುತ್ತದೆ. ದೇವದಾಸಿ ಪದ್ಧತಿಯನ್ನು ನಿಷೇಧಿಸಿದ 1982ರ ಕಾಯ್ದೆಯನ್ನು ಪಾಠವಾಗಿಯೇ ಹೇಳುತ್ತೇನೆ, ಯಾರೂ ಯಾರ ಪಾತ್ರವನ್ನೂ ಮಾಡದೆ. ಉಳಿದ ಚೀಟಿಗಳು ಡಬ್ಬಿಗೆ ಹೋಗುತ್ತವೆ. ನಿಮ್ಮ ತಾಲ್ಲೂಕಿಗೆ ನಿಮ್ಮ ಮಕ್ಕಳಿಂದಲೇ ಬರೆಸಿ. ಬೀದರಿನ ಚೀಟಿಯಲ್ಲಿ ಮರಾಠಿ ಮನೆಮಾತಿನ ಮಗು ಇರಬೇಕು, ಗುರುಮಠಕಲ್ ಕಡೆ ತೆಲುಗಿನದು. ಅದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.